ಕೈ ಎಳೆದುಕೊಳ್ಳದವರು

ಬೆಳಗ್ಗೆ ಆರಕ್ಕೆ ರಾಮನಗರದ ಐಜೂರಿನ ಆ ಓಣಿಯಲ್ಲಿ ರಾಟೆಗಳು ತಿರುಗತೊಡಗುತ್ತವೆ. ಮೊದಲು ಒಂದು, ಆಮೇಲೆ ಹತ್ತು. ಗೋಡೆಯೊಳಗೆ ಜೇನು ಕಟ್ಟಿದಂಥ ಸದ್ದು. ವರಲಕ್ಷ್ಮಿಯ ಮನೆಗೂ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೂ ಇರುವುದು ಒಂದೇ ಗೋಡೆ. ಸದ್ದು ನಿಂತ ದಿನ ಮನೆಯಲ್ಲಿ ಎಲ್ಲರೂ ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತಾರೆ.

ಮಾಗಡಿ ಕಡೆಯ ಕಲ್ಯದಿಂದ ಮದುವೆಯಾಗಿ ಬಂದ ಅವಳು ಆ ಶೆಡ್ಡಿನ ಬೇಸಿನ್ನಿನ ಮುಂದೆ ಕೂತು ಹತ್ತೊಂಬತ್ತು ವರ್ಷವಾಯಿತು. ಕುದಿಯುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಕೈ ಹಾಕಿ, ಮೇಲಿನ ಒರಟು ನಾರಿನ ಹಿಂಜು ತೆಗೆದು, ಒಳಗಿನ ಎಳೆಯ ತುದಿ ಹುಡುಕಿ, ತಿರುಗುವ ನೂಲಿಗೆ ಸೇರಿಸಬೇಕು. ಆ ತುದಿ ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೇ ಸಿಗಬೇಕು.

ಮೊದಲ ದಿನ ಅವಳು 'ಸ್' ಎಂದು ಕೈ ಎಳೆದುಕೊಂಡಿದ್ದಳು. ಪಕ್ಕದ ಬೇಸಿನ್ನಿನ ಹಾಜಿರಾ ನಕ್ಕುಬಿಟ್ಟಿದ್ದಳು.

"ಅರೆ, ನೀರು ಕಣೇ ಅದು, ಹಾವಲ್ಲ. ಹೋಗು, ಎಲ್ರಿಗೂ ಟೀ ತಗಂಡ್ ಬಾ."

ಅದು ಶೆಡ್ಡಿನ ಪದ್ಧತಿ. ಕೈ ಎಳೆದುಕೊಂಡವಳು ಆ ದಿನ ಎಲ್ಲರಿಗೂ ಟೀ ತರಬೇಕು. ತಂದು ಕುಡಿಸಿ, ಎಲ್ಲರ ನಗೆಯನ್ನೂ ಕೇಳಿಸಿಕೊಳ್ಳಬೇಕು. ವರಲಕ್ಷ್ಮಿ ಎರಡು ವಾರ ಟೀ ತಂದಳು. ಆಮೇಲೆ ತರಲಿಲ್ಲ. ನೀರು ತಣ್ಣಗಾಗಿರಲಿಲ್ಲ, ಅವಳ ಮುಖ ಮಾತ್ರ ಅಲುಗದೆ ಇರುವುದನ್ನು ಕಲಿತಿತ್ತು.

ಈಗ ಅವಳ ಬೆರಳ ತುದಿಗಳು ಬೆಳ್ಳಗೆ ಊದಿಕೊಂಡಿವೆ. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆರಳನ್ನು ಗುರುತು ಹಿಡಿಯುವುದಿಲ್ಲ. ಅಂಗಡಿಯವನು ತನ್ನ ಟವೆಲ್ಲಿನಿಂದ ಮೂರು ಸಲ ಒರೆಸಿ ನೋಡಿದ.

"ಗೆರೆನೆಲ್ಲ ಎಲ್ಲಿ ಮಡಗಿದ್ದೀಯವ್ವ?"

"ಬೇಸಿನ್ನಲ್ಲಿ ಐತೆ ಕಣಣ್ಣ. ಸೋಸ್ಕಂಡು ತತ್ತೀನಿ, ಇರು."

ಗೆರೆ ಹೋದರೆ ಹೋಗಲಿ ಎಂದುಕೊಂಡಿದ್ದಳು. ಆದರೆ ಈ ವರ್ಷ ಬೆರಳಿಗೆ ಎಳೆಯ ತುದಿಯೂ ತಿಳಿಯದಾಯಿತು. ಶೆಡ್ಡಿನ ಮಾಲೀಕ ಅಶ್ವಥ್ ಕೆಟ್ಟವನಲ್ಲ. ಒಂದು ದಿನ ಅವಳ ರಾಟೆಯ ಮುಂದೆ ನಿಂತು, "ಅಕ್ಕ, ನಿಂದು ನಿಧಾನ ಆಯ್ತಾ ಐತೆ. ಸಿರಿ ಪಿಯುಸಿ ಮುಗಿಸ್ಕಂಡು ಮನೇಲೇ ಅವ್ಳಲ್ಲ? ಶ್ರಾವಣದಿಂದ ಅವಳ್ನ ಕೂರ್ಸು" ಎಂದ.

ಮಗಳು ಸಿರಿಗೆ ಹದಿನೆಂಟು. ಅವಳ ಬೆರಳುಗಳು ಇನ್ನೂ ಬೆರಳುಗಳ ಹಾಗೆ ಇದ್ದವು.

ವರಲಕ್ಷ್ಮಿ ಆ ವಾರ ಮನೆಯ ಜಾಲರಿ ಸೌಟನ್ನು ತೆಗೆದುಕೊಂಡಳು. ಅದರ ಅಂಚಿಗೆ ಬಟ್ಟೆ ಉಜ್ಜುವ ಬ್ರಷ್ಷಿನ ಕೂದಲುಗಳನ್ನು ಸಾಲಾಗಿ ತಂತಿಯಿಂದ ಬಿಗಿದಳು. ನೀರಲ್ಲಿ ತಿರುಗಿಸಿದರೆ ಕೂದಲಿಗೆ ಎಳೆಯ ತುದಿ ಸಿಕ್ಕಿಕೊಳ್ಳುತ್ತದೆ. ಸೌಟು ಮೇಲೆತ್ತಿದರೆ ಗೂಡು ಅದರೊಳಗೇ ಬರುತ್ತದೆ. ಕೈ ನೀರು ಮುಟ್ಟುವುದೇ ಬೇಡ. ಆದರೆ ಎರಡು ದಿನ ಕುದಿಯುವಷ್ಟರಲ್ಲಿ ಕೂದಲು ಉದುರುತ್ತಿತ್ತು. ಅಶ್ವಥ್ ಕೈಗೆತ್ತಿಕೊಂಡು ನೋಡಿದ. "ಐಡಿಯಾ ಚೆನ್ನಾಗೈತೆ. ಕೂದಲೇನಾದ್ರೂ ನೂಲಿಗೆ ಸೇರ್ಕಂಡ್ರೆ ನನ್ ಮಾಲು ಹೋಯ್ತು. ಯಾವ್ದಾದ್ರೂ ಕಂಪ್ನಿಯೋರು ಗಟ್ಟಿಯಾಗಿ ಮಾಡ್ಕೊಟ್ರೆ ಬಳ್ಸುವ. ಸಿರಿನೂ ಅದನ್ನೇ ಹಿಡ್ಕಂಡು ಕೂರ್ಲಿ, ನಂದೇನೂ ಅಡ್ಡಿಲ್ಲ."

ಇಲ್ಲದಿದ್ದರೆ ಬರಿಗೈ. ಅದನ್ನು ಅವನು ಹೇಳಲಿಲ್ಲ.

ಕನಕಪುರದ ನಯನಾ ಪ್ರತಿ ಶನಿವಾರ ರಾಮನಗರಕ್ಕೆ ಬಂದು, ಹೊಸ ವಸ್ತು ಮಾಡಿದವರಿಗೆ ಅದನ್ನು ಉದ್ಯಮದವರ ಮುಂದೆ ಇಡುವುದು ಹೇಗೆಂದು ಹೇಳಿಕೊಡುತ್ತಿದ್ದಳು. ರೇಷ್ಮೆ ಯಂತ್ರ ತಯಾರಿಸುವ ಮೂವರು ಆಷಾಢದ ಕೊನೆಗೆ ಬರುವವರಿದ್ದರು. ಒಬ್ಬೊಬ್ಬರಿಗೆ ನಾಲ್ಕು ನಿಮಿಷ.

ಸೌಟು ಹಿಡಿದು ಅವಳ ಹತ್ತಿರ ಹೋದ ವರಲಕ್ಷ್ಮಿಯ ಅಭ್ಯಾಸದ ಮೊದಲ ನಾಲ್ಕು ನಿಮಿಷ ಕಲ್ಯದಲ್ಲಿ ಶುರುವಾಗಿ ಅತ್ತೆಯ ಹತ್ತಿರಕ್ಕೆ ಬರುವಷ್ಟರಲ್ಲಿ ಮುಗಿಯಿತು.

"ಅತ್ತೆ ಬೇಡ ಅಕ್ಕ," ಎಂದಳು ನಯನಾ. "ಮನೆ, ಮಗಳು, ಯಾವುದೂ ಬೇಡ. ಅವರು ಪಾಪ ಅಂದುಬಿಟ್ಟರೆ ಅಲ್ಲಿಗೆ ಮುಗೀತು. ಮೊದಲು ಬರಿಗೈಯಲ್ಲಿ ಮಾಡಿ ತೋರಿಸಿ. ಬಿಸಿ ಎಷ್ಟಿದೆ ಅಂತ ಅವರಿಗೆ ಕಾಣಬೇಕು. ಆಮೇಲೆ ಸೌಟು."

ಐದು ಶನಿವಾರ ಕಲಿತಳು. ಶೆಡ್ಡಿನಲ್ಲಿ ಹಾಜಿರಾ ಕಂಪನಿಯವಳಾಗಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದಳು. "ಏನಮ್ಮಾ, ಈ ಸೌಟಲ್ಲಿ ಬಿರಿಯಾನಿ ಬಡ್ಸಕ್ಕಾಯ್ತದಾ?"

"ನಿನ್ ತಲೆಗೆ ಬಡಿಯಕ್ಕಾಯ್ತದೆ. ತಗೊತೀಯಾ, ಇಲ್ವಾ, ಹೇಳು."

"ಈ ಮಾತು ಅಲ್ಲಿ ಆಡ್ಬೇಡ. ಸಾರ್ ಅನ್ನು."

ಕಂಪನಿಯವರು ಬಂದ ದಿನ ಕಾಲೇಜೊಂದರ ಸಭಾಂಗಣದಲ್ಲಿ ಕರೆಂಟ್ ಒಲೆಯ ಮೇಲೆ ಬೇಸಿನ್ ಇಟ್ಟು ನೀರು ಕುದಿಸಿದ್ದರು. ಸತ್ತ ಹುಳುವಿನ ವಾಸನೆಗೆ ಮುಂದಿನ ಸಾಲಿನ ಮೂವರೂ ಮೂಗಿಗೆ ಕರ್ಚೀಫು ಹಿಡಿದರು. ಸಿರಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ವರಲಕ್ಷ್ಮಿ ಹೆಸರು ಹೇಳಿದಳು, ಕೆಲಸ ಹೇಳಿದಳು. ತಡವರಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೀರಿಗೆ ಕೈ ಹಾಕಿದಳು.

ಒಂದು ಉಸಿರಿನಷ್ಟು ಹೊತ್ತು. ತುದಿ ಸಿಕ್ಕಿತು. ಎಳೆ ಬೆಳಕಿನಲ್ಲಿ ಮಿಂಚುತ್ತಾ ಮೇಲೆದ್ದಿತು. ಇಷ್ಟು ಚೆನ್ನಾಗಿ ಸಿಕ್ಕಿ ಎಷ್ಟು ತಿಂಗಳಾಗಿತ್ತೋ. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಆಹಾ," ಎಂದರು ಮೂವರಲ್ಲಿ ಹಿರಿಯರು.

ನಡುವಿನವರು ಎದ್ದು ಬಂದು, ಕುತೂಹಲಕ್ಕೆ ನೀರಿಗೆ ಬೆರಳು ತಾಗಿಸಿದರು. "ಸ್!" ಎಂದು ಹಿಂದಕ್ಕೆ ಹಾರಿದರು.

ವರಲಕ್ಷ್ಮಿ ನಕ್ಕುಬಿಟ್ಟಳು. ಹತ್ತೊಂಬತ್ತು ವರ್ಷದ ನಗು, ತಡೆಯುವಷ್ಟರಲ್ಲಿ ಬಂದಿತ್ತು. "ಟೀ ತರ್ಬೇಕು ಸಾರ್ ನೀವು! ನಮ್ ಶೆಡ್ಡಲ್ಲಿ ಹಂಗೇಯ."

ಸಭೆಯೆಲ್ಲ ನಕ್ಕಿತು. ಗೋಡೆಗೆ ಒರಗಿ ನಿಂತಿದ್ದ ನಯನಾ ನಗಲಿಲ್ಲ.

ಆಮೇಲೆ ಸೌಟು. ಹೊಸ ಕೂದಲು ಬಿಗಿದಿದ್ದಳು, ಸರಿಯಾಗಿಯೇ ಕೆಲಸ ಮಾಡಿತು. ಆದರೆ ಕೈಗಿಂತ ನಾಲ್ಕು ಪಟ್ಟು ಹೊತ್ತು ಹಿಡಿಯಿತು.

ಹಿರಿಯರು ಸೌಟನ್ನು ತಿರುಗಿಸಿ ನೋಡಿ ಮೆಲ್ಲಗೆ ಕೇಳಿದರು. "ಒಳ್ಳೇ ಪ್ರಯತ್ನ ಅಮ್ಮ. ಆದರೆ ನಿಮಗೆ ಇದು ಯಾಕೆ ಬೇಕು? ನಿಮ್ಮ ಕೈಗೆ ಬಿಸಿ ತಟ್ಟೋದೇ ಇಲ್ಲವಲ್ಲ."

"ತಟ್ತದೆ ಸಾರ್."

"ನಗ್ತಾ ಇದ್ರಿ."

ಅವಳ ಬಳಿ ಉತ್ತರವಿತ್ತು. ಅದರಲ್ಲಿ ಮಗಳಿದ್ದಳು, ಮನೆ ಇತ್ತು. ಅದು ಬೇಡವೆಂದು ಕಲಿತಿದ್ದಳು. ಬೆರಳುಗಳನ್ನು ಮುಂದೆ ಚಾಚಿ, "ಗೆರೆ ಹೋಗ್ಬುಟ್ಟವೆ" ಎಂದಷ್ಟೇ ಹೇಳಿದಳು.

"ಗ್ಲೌಸ್ ಹಾಕ್ಕೊಳ್ಳಿ."

"ಗ್ಲೌಸ್ ಹಾಕಿದ್ರೆ ಎಳೆ ಸಿಕ್ಕಲ್ಲ ಸಾರ್."

ಗಂಟೆ ಹೊಡೆಯಿತು. ನಾಲ್ಕು ನಿಮಿಷ ಆಗಿತ್ತು. ಹಿರಿಯರು ಸೌಟನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟರು. ಇಂಥದ್ದನ್ನು ತಯಾರಿಸಿದರೆ ಕೊಳ್ಳುವವರು ಸಿಗುವುದಿಲ್ಲ, ಕೆಲಸದವರಿಗೆ ಬಿಸಿ ಅಭ್ಯಾಸವಾಗಿರುತ್ತದೆ ಎಂದರು. ಆದರೆ ಆ ಕೈಚಳಕ ಅದ್ಭುತ; ತಮ್ಮ ಎಂಜಿನಿಯರುಗಳಿಗೆ ತೋರಿಸಲು ಒಂದು ವಿಡಿಯೊ ಬೇಕು ಎಂದು ಫೋನು ತೆಗೆದರು. ಅವಳು ಮತ್ತೆ ಕೈ ಹಾಕಿದಳು. ಈ ಸಲ ತುದಿ ಸಿಗಲಿಲ್ಲ. ಬೆಳ್ಳನೆಯ ಬೆರಳುಗಳು ಗೂಡಿನಿಂದ ಗೂಡಿಗೆ ಸುಮ್ಮನೆ ತಡಕಾಡಿದವು.

"ಜೊತೇಲಿ ಬಂದಿರೋ ಹುಡುಗಿ ಯಾರು? ಅವಳು ಮಾಡಲಿ," ಎಂದರು ನಡುವಿನವರು.

ವರಲಕ್ಷ್ಮಿ ಬಾಯಿ ತೆರೆಯುವ ಮೊದಲೇ ಸಿರಿ ಮುಂದೆ ಬಂದಿದ್ದಳು. ಅವಳಿಗೆ ಅಮ್ಮನ ಸೋಲು ಕಂಡಿತ್ತು, ಏನಾದರೂ ಮಾಡಬೇಕೆನ್ನಿಸಿರಬೇಕು. ಮುಂಗೈಯವರೆಗೂ ಕೈ ಇಳಿಸಿದಳು. ಚರ್ಮ ಕೆಂಪಾಯಿತು. ಸದ್ದಿಲ್ಲ. ಮುಖ ಕಲ್ಲಿನ ಹಾಗೆ. ಕಣ್ಣು ಮಾತ್ರ ಅಮ್ಮನನ್ನು ನೋಡುತ್ತಿತ್ತು, ಸರಿಯಾಗಿ ಮಾಡಿದೆನಾ ಎಂದು ಕೇಳುವ ಹಾಗೆ.

ವರಲಕ್ಷ್ಮಿ ಅವಳ ಕೈಯನ್ನು ಎಳೆದು ತೆಗೆದಳು. ಮೇಜಿನ ಮೇಲಿದ್ದ ಕುಡಿಯುವ ನೀರಿನ ಜಗ್ಗಿನಲ್ಲಿ ಅದ್ದಿ ಹಿಡಿದಳು.

"ನೋಡಿ, ಇವಳಿಗೂ ಅಭ್ಯಾಸ ಇದೆ," ಎಂದರು ಹಿರಿಯರು ಮೆಚ್ಚುಗೆಯಿಂದ.

"ಅಭ್ಯಾಸ ಇಲ್ಲ ಸಾರ್. ಇವತ್ತಿನಗಂಟ ಬೇಸಿನ್ನಿಗೆ ಬೆರಳು ಇಟ್ಟೋಳಲ್ಲ ಇವ್ಳು." ವರಲಕ್ಷ್ಮಿಯ ದನಿ ಏರಲಿಲ್ಲ. "ಸುಮ್ನಿರೋದ್ನ ಈಗ ಕಲ್ತಳು. ಇಲ್ಲೇ. ನನ್ ನೋಡ್ಕಂಡು."

ಅವಳು ಮಗಳ ಭುಜ ಹಿಡಿದು, ಸೌಟನ್ನು ಅಲ್ಲೇ ಬಿಟ್ಟು, ಕುರ್ಚಿಗಳ ನಡುವೆ ಬಾಗಿಲ ಕಡೆ ನಡೆದಳು. ಯಾರಿಗೆ ಹೇಳುತ್ತಿದ್ದಳೋ, ಬೆನ್ನು ತಿರುಗಿಸಿಕೊಂಡೇ ಹೇಳುತ್ತಾ ಹೋದಳು. "ನಾನು ಆಗ್ಲೇ ಒಂದ್ಸಲ, ಒಂದೇ ಒಂದ್ಸಲ ಅಯ್ಯೋ ಅಂದ್ಬುಟ್ಟು ಕೈಯ ಎಳ್ಕಂಡಿದ್ರೆ, ಇವ್ಳೂ ಅದ್ನೇ ಕಲೀತಿದ್ಲು."