ಬಾಯಾರಿದ ಕರುಗಳಿಗೆ ಕೊಟ್ಟ ನೀರು

ಕಳೆದ ಬೇಸಿಗೆಯಲ್ಲಿ ನಾನು ಆಲೂರು ತಾಲ್ಲೂಕಿನಲ್ಲಿ ಪಶುವೈದ್ಯೆಯಾಗಿದ್ದೆ. ಒಂದು ಮಧ್ಯಾಹ್ನ ಬಾಳ್ಳುಪೇಟೆ ಹತ್ತಿರದ ಸಣ್ಣ ಕಾಫಿ ಬೆಳೆಗಾರ ಫೆಲಿಕ್ಸ್ ಫೋನ್ ಮಾಡಿದರು.

"ಮೇಡಂ, ಬೆಳಿಗ್ಗೆ ಲಾರೀಲಿ ಬಂದ ಕರುಗಳಿಗೆ ಉಚ್ಚೆ ರಕ್ತದಂಗೆ ಬರ್ತಾ ಐತೆ. ಬೇಗ ಬನ್ನಿ."

ನಾನು ಹೋಗುವಷ್ಟರಲ್ಲಿ ಎರಡು ಹೆಣ್ಣು ಕರುಗಳಲ್ಲಿ ಒಂದು ಕಾಲು ಚಾಚಿ ಬಿದ್ದು ನಡುಗುತ್ತಿತ್ತು. ಇನ್ನೊಂದು ತೂರಾಡುತ್ತಿತ್ತು. ಅದರ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಪಕ್ಕಕ್ಕಿಟ್ಟೆ. ಎಲ್ಲಾದರೂ ಗಾಯವಾಗಿ ರಕ್ತ ಬೆರೆತಿದ್ದರೆ ಕಣಗಳು ತಳಕ್ಕೆ ಇಳಿಯುತ್ತವೆ. ಇಲ್ಲಿ ಏನೂ ಇಳಿಯಲಿಲ್ಲ. ರಕ್ತಕಣಗಳು ದೇಹದೊಳಗೇ ಒಡೆದುಹೋಗಿದ್ದವು.

"ಏನು ತಿನ್ನಿಸಿದಿರಿ?" ಎಂದು ಕೇಳಿದೆ.

"ಏನೂ ಇಲ್ಲ ಮೇಡಂ, ಬರೀ ನೀರು. ನಾಲಿಗೆ ಒಣಗೋಗಿತ್ತು ಪಾಪ. ಬಕೆಟ್ ಬಕೆಟ್ಟೇ ಕುಡಿದ್ವು," ಎಂದರು ಫೆಲಿಕ್ಸರ ಹೆಂಡತಿ ಲಿಲ್ಲಿ.

ಇದು ವಾಟರ್ ಇಂಟಾಕ್ಸಿಕೇಶನ್, ಅಂದರೆ ಒಮ್ಮೆಲೇ ಕುಡಿದ ನೀರೇ ನಂಜಾಗುವುದು. ರಕ್ತಕಣದ ಸುತ್ತಲಿನ ತೆಳು ಪೊರೆ ನೀರನ್ನು ಸಲೀಸಾಗಿ ಒಳಗೆ ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬಹಳ ಹೊತ್ತು ಬಾಯಾರಿದ ಕರು ಒಮ್ಮೆಲೇ ಹೊಟ್ಟೆ ಬಿರಿಯುವಂತೆ ಕುಡಿದರೆ ರಕ್ತ ತೆಳುವಾಗುತ್ತದೆ. ಆಗ ನೀರು ಕಣದೊಳಕ್ಕೆ ನುಗ್ಗುತ್ತದೆ, ಕಣ ಉಬ್ಬಿ ಒಡೆಯುತ್ತದೆ. ಮಿದುಳಿನ ಕೋಶಗಳೂ ಹೀಗೆಯೇ ಊದಿಕೊಳ್ಳುತ್ತವೆ.

ಕೋಶಗಳಿಗೆ ನುಗ್ಗಿದ ನೀರನ್ನು ಹೊರಕ್ಕೆಳೆಯಲು ಎರಡಕ್ಕೂ ಗಾಢವಾದ ಸಲೈನ್, ಅಂದರೆ ಉಪ್ಪುನೀರು, ನಿಧಾನವಾಗಿ ಏರಿಸತೊಡಗಿದೆ. ಬಿದ್ದಿದ್ದ ಕರು ಉಳಿಯಲಿಲ್ಲ.

ಅಷ್ಟರಲ್ಲಿ ಕರು ಮಾರಿದ ದಲ್ಲಾಳಿ ಬಂದ. ದಾರಿಯಲ್ಲಿ ನೀರು ಕೊಟ್ಟಿರಾ ಎಂದು ಕೇಳಿದೆ.

"ನೀರ್ ಕೊಟ್ರೆ ಲಾರಿಯೆಲ್ಲಾ ಗಲೀಜು ಮಾಡ್ತಾವೆ ಕಣ್ರೀ. ನೆನ್ನೆಯಿಂದ ಹಂಗೇ ತಂದೆ, ಏನೂ ಆಗ್ಲಿಲ್ಲ. ಈ ಅಮ್ಮ ನೀರು ಕುಡ್ಸಿ ಕೊಂದ್ಬುಟ್ರು!"

ಲಿಲ್ಲಿ ಸತ್ತ ಕರುವಿನ ಪಕ್ಕ ಕುಸಿದು ಕೂತರು. "ನಾನೇ ಕೊಂದ್ನಾ ಮೇಡಂ?"

ನನ್ನ ಮೈ ಉರಿದುಹೋಯಿತು. ಬಹುವಚನ ಬಾಯಿಗೆ ಬರಲಿಲ್ಲ. "ಕೊಂದವನು ನೀನು! ಟೀ ಕುಡಿಯೋಕೆ ಎಷ್ಟು ಕಡೆ ಲಾರಿ ನಿಲ್ಲಿಸಿದೆ? ಅಲ್ಲೆಲ್ಲೂ ಒಂದು ನಲ್ಲಿ ಇರಲಿಲ್ವಾ?"

ಅವನು ಫೆಲಿಕ್ಸರತ್ತ ತಿರುಗಿ, "ನೋಡ್ರಿ ಮಾರಾಯ್ರೇ, ಡಾಕ್ಟ್ರಮ್ಮ ಹೆಂಗ್ ಮಾತಾಡ್ತಾರೆ," ಎಂದ. ಕರುವಿನ ಸಾವಿನ ವರದಿಯಲ್ಲಿ ನಾನು 'ಅತಿಯಾಗಿ ನೀರು ಕುಡಿದು ಸಾವು' ಎಂದಷ್ಟೇ ಬರೆಯಬೇಕಂತೆ! ಸಾಗಿಸುವಾಗ ನೀರು ಕೊಡದೆ ಹಿಂಸಿಸಿದ್ದನ್ನೇ ಮೊದಲ ಕಾರಣವಾಗಿ ಬರೆದೆ. ಪೊಲೀಸರಿಗೆ ದೂರನ್ನೂ ಕೊಟ್ಟೆ. ಇನ್ನೊಂದು ಕರು ಮರುದಿನ ಎದ್ದು ಹುಲ್ಲು ಮೂಸಿತು. ದೂರಿನಿಂದ ಏನೂ ಆಗಲಿಲ್ಲ; ದಲ್ಲಾಳಿಯ ಲಾರಿ ಇವತ್ತಿಗೂ ದನ ತುಂಬಿಕೊಂಡು ಹೆದ್ದಾರಿಯ ಆನೇಮಹಲ್ ಊರು ದಾಟಿ ಓಡಾಡುತ್ತಲೇ ಇದೆ.

ಬಾಯಾರಿ ಬಂದ ದನಕ್ಕೆ ಸ್ವಲ್ಪಸ್ವಲ್ಪವೇ ನೀರು ಕೊಡಿ ಎಂದು ಈಗ ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಆದರೆ ನೀರು ಕೊಟ್ಟವರಿಗೆ ಬುದ್ಧಿ ಹೇಳಿ, ಕೊಡದವರನ್ನು ಸುಮ್ಮನೆ ಬಿಟ್ಟರೆ ವೈದ್ಯರ ಕೆಲಸ ಅರ್ಧವಷ್ಟೇ ಆದ ಹಾಗೆ.