ಪಂಕ್ಚರ್‌ಗೂ ಮುಂಚೆ ಪ್ಯಾಚ್ ಹಾಕುವ ವಜೀರಾ

ಶಿವಮೊಗ್ಗದ ಹೊಸಮನೆ ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ ಹಾಲಿನ ಗಾಡಿ ಬಿಟ್ಟರೆ ಇನ್ನೂ ಯಾರೂ ಎದ್ದಿಲ್ಲ. ಬಿಳಿ ವ್ಯಾನೊಂದು ಮಾತ್ರ ಹಿಂಬಾಗಿಲು ತೆರೆದುಕೊಂಡು ಆಕಳಿಸುತ್ತಿದೆ. ಅದರೊಳಗೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದ ಹೆಂಗಸೊಬ್ಬರು ಒಂದು ಮಗ್ ನೀರಿಗೆ ಸಣ್ಣ ಪೈಪನ್ನು ಅದ್ದುತ್ತಾರೆ. ‘ಸುರ್ರ್‌ರ್’ ಎಂದು ನೀರು ಇಳಿಯುತ್ತದೆ, ತಳದಲ್ಲಿ ‘ಗೊರ್ ಗೊರ್’ ಎನ್ನುತ್ತದೆ. ಕಿವಿಗೊಟ್ಟು ಕೇಳಿದ ಅವರು ಅದೇ ಸದ್ದನ್ನು ತಮ್ಮ ಬಾಯಲ್ಲಿ ಹೊರಡಿಸಿ, ಎರಡನ್ನೂ ತಾಳೆ ನೋಡುತ್ತಾರೆ.

"ಗಂಟ್ಲು ಸರಿಯಿದೆ ಇವತ್ತು."

"ಯಾರ್ದು? ಮಿಷನ್ದಾ, ನಿಮ್ದಾ ವಜೀರಕ್ಕ?" ಎಂದು ಕೇಳುತ್ತಾರೆ ಚಾಲಕ ನಾಗೇಶ್, ಗಾಜು ಒರೆಸುತ್ತ.

"ಇಬ್ರದ್ದೂ ಮಾರಾಯ. ನೀನು ಹಾರ್ನ್ ಒಂದು ನೋಡ್ಕೋ. ಅದಕ್ಕೇ ಶೀತ ಆಗಿರೋದು."

ವಜೀರಾ ಅವರದು ಬಾಯಿ ತೆರೆಸುವ ಉದ್ಯೋಗ. ಬಾಯಿ ಮುಚ್ಚಿಸುವ ಜನ ಊರ ತುಂಬ ಸಿಗುತ್ತಾರೆ. ಹೆದರಿದ ಏಳು ವರ್ಷದ ಮಗುವಿನ ಬಾಯಿ ತೆರೆಸಿ, ತೆರೆದೇ ಇಡಿಸುವವರು ಕಡಿಮೆ. ಟ್ರಸ್ಟ್ ಒಂದು ನಡೆಸುವ ಈ ಸಂಚಾರಿ ದಂತ ವ್ಯಾನಿನಲ್ಲಿ ಅವರು ಡಾಕ್ಟರ್ ಸಮತಾ ಅವರ ಸಹಾಯಕಿ. ಶಿವಮೊಗ್ಗ, ಭದ್ರಾವತಿಯ ಶಾಲೆಗಳನ್ನು ಸುತ್ತಿ, ಮಕ್ಕಳ ದವಡೆಹಲ್ಲುಗಳಿಗೆ ಹುಳುಕು ಹತ್ತುವ ಮೊದಲೇ ‘ಸೀಲಂಟ್’ ಎಂಬ ಬಿಳಿ ಲೇಪ ಹಾಕುವುದು ಈ ವ್ಯಾನಿನ ಮುಖ್ಯ ಕೆಲಸ. ಡ್ರಿಲ್ ಇಲ್ಲ, ಸೂಜಿ ಇಲ್ಲ. ಡಾಕ್ಟರು ಲೇಪ ಹಾಕುವಾಗ ಹಲ್ಲಿಗೆ ಜೊಲ್ಲು ತಾಗದಂತೆ ಕಾಯುವುದು ವಜೀರಾ ಅವರ ಪಾಲು. ಬೆಳಗಿನಿಂದ ಮಧ್ಯಾಹ್ನದ ಊಟದ ಗಂಟೆಯವರೆಗೆ ಇಪ್ಪತ್ತೋ ಮೂವತ್ತೋ ಮಕ್ಕಳು, ಅಷ್ಟೇ ನಾಲಿಗೆಗಳು. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. "ಮಕ್ಕಳ ಹಲ್ಲು ಗಟ್ಟಿ ಆಯ್ತು, ನನ್ನ ಬೆನ್ನು ಸಡಿಲ ಆಯ್ತು," ಎನ್ನುತ್ತಾರೆ.

ಇವತ್ತಿನ ದಾರಿ ಭದ್ರಾವತಿಗೆ, ಕಾಗದನಗರದ ಪಕ್ಕದ ಒಂದು ಶಾಲೆಗೆ. ದಾರಿಯುದ್ದಕ್ಕೂ ವಜೀರಾ ಅವರ ತಲೆಯಲ್ಲಿರುವುದು ಒಂದೇ ಬಾಯಿ. ಮೂರನೇ ತರಗತಿಯ ರೂಹಿಯದು. ಹೋದ ವರ್ಷ ಹಾಕಿದ ಲೇಪ ನಿಂತಿದೆಯೋ ಬಿದ್ದಿದೆಯೋ ಇವತ್ತು ಗೊತ್ತಾಗುತ್ತದೆ. ನಿಂತಿದ್ದರೆ ಗ್ಯಾರೇಜ್ ಸಾಲಿನ ಮಕ್ಕಳೆಲ್ಲ ವ್ಯಾನ್ ಹತ್ತುತ್ತಾರೆ. ಬಿದ್ದಿದ್ದರೆ ಒಬ್ಬರೂ ಹತ್ತುವುದಿಲ್ಲ. ಹಾಗೆಂದು ಷರತ್ತು ಹಾಕಿದವರು ರೂಹಿಯ ಅಪ್ಪ, ಮೆಕ್ಯಾನಿಕ್ ಜಮ್ಶೀದ್.

ಆ ಷರತ್ತಿನ ಕತೆಗೆ ಹೋಗುವ ಮೊದಲು ಒಂದು ಪಂಕ್ಚರ್ ಅಂಗಡಿಗೆ ಹೋಗಬೇಕು.

ಅದು ರಾಗಿಗುಡ್ಡದ ಬುಡದಲ್ಲಿ ವಜೀರಾ ಅವರ ತಂದೆ ಅಲ್ಲಾಬಕ್ಷ್ ನಡೆಸುತ್ತಿದ್ದ ಅಂಗಡಿ. ಅಂಗಡಿಯೆಂದರೆ ಒಂದು ತಗಡು, ಒಂದು ನೀರಿನ ತೊಟ್ಟಿ, ತೂಗುಹಾಕಿದ ಹಳೇ ಟೈರು. ತಂದೆಗೆ ಮಂಡಿ ಹಿಡಿದಾಗ ಮಗಳು ತೊಟ್ಟಿಯ ಮುಂದೆ ಕೂತರು. ಹುಡುಗಿ ಪ್ಯಾಚ್ ಹಾಕುವುದನ್ನು ನೋಡಲೆಂದೇ ಜನ ಸೈಕಲ್ ನಿಲ್ಲಿಸುತ್ತಿದ್ದರಂತೆ. "ನೋಡೋಕ್ ನಿಂತೋರ ಟೈರು ಚೆನ್ನಾಗಿತ್ತು, ಬುದ್ಧಿ ಪಂಕ್ಚರ್ ಆಗಿತ್ತು," ಎಂದು ನಗುತ್ತಾರೆ.

ಪ್ಯಾಚಿನ ಪಾಠವೂ ಅಲ್ಲೇ ಆಯಿತು. ಟ್ಯೂಬನ್ನು ಮೊದಲು ಉಜ್ಜಿ ತರಿತರಿ ಮಾಡಬೇಕು, ಒಣಗಿಸಬೇಕು, ಸೊಲ್ಯೂಷನ್ ಅಂಟು ಹಚ್ಚಬೇಕು. ಉಜ್ಜಿದ ಜಾಗಕ್ಕೆ ಮಾತ್ರ ಬೆರಳು ತಾಗಿಸಬಾರದು. ತಾಗಿಸಿದರೆ ಅಲ್ಲಾಬಕ್ಷ್ ಅದನ್ನು ಮತ್ತೆ ಮೊದಲಿನಿಂದ ಉಜ್ಜಿಸುತ್ತಿದ್ದರು. ಅವರ ಗೊಗ್ಗರು ದನಿಯನ್ನು ಮಗಳು ಹಾಗೇ ಇಳಿಸುತ್ತಾರೆ: "ಬೇಟಾ, ಪ್ಯಾಚ್ ಎದ್ದು ಈ ಗಿರಾಕಿ ತರೀಕೆರೆ ದಾಟೋದ್ರೊಳಗೆ ನನ್ನ ಹೆಸರು ಹಿಡ್ದು ಬೈತಾನೆ. ನಂಗೆ ಇಲ್ಲಿ ಬಿಕ್ಕಳಿಕೆ ಬರುತ್ತೆ."

ಮದುವೆಯ ನಂತರ ವಜೀರಾ ಅವರು ಒಂದು ದಂತ ಚಿಕಿತ್ಸಾಲಯದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದರು. ನೆಲದಿಂದ ಟ್ರೇಗೆ, ಟ್ರೇಯಿಂದ ಕುರ್ಚಿಯ ಪಕ್ಕಕ್ಕೆ ಬರಲು ವರ್ಷಗಳೇ ಹಿಡಿದವು. ಅಲ್ಲಿಂದ ಅವರನ್ನು ವ್ಯಾನಿಗೆ ಕರೆತಂದದ್ದು ಡಾಕ್ಟರ್ ಸಮತಾ. ಮೊದಲ ಸಲ ಸೀಲಂಟ್ ಹಾಕುವುದನ್ನು ಕಂಡಾಗ ವಜೀರಾ ಅವರಿಗೆ ನಗು ಬಂತಂತೆ. ಹಲ್ಲಿನ ಮೇಲ್ಭಾಗಕ್ಕೆ ಸೌಮ್ಯ ಆಮ್ಲದ ಜೆಲ್ ಹಚ್ಚಿ ತರಿತರಿ ಮಾಡುತ್ತಾರೆ. ತೊಳೆದು, ಗಾಳಿ ಬಿಟ್ಟು, ಸೀಮೆಸುಣ್ಣದಷ್ಟು ಬೆಳ್ಳಗಾಗುವವರೆಗೆ ಒಣಗಿಸುತ್ತಾರೆ. ಲೇಪವನ್ನು ಗೆರೆಗಳಿಗೆ ಇಳಿಸಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. "ಇದು ನಮ್ಮ ಅಬ್ಬಾನ ಅಂಗಡೀನೇ ಅಲ್ವಾ ಅನ್ನಿಸ್ತು. ತೊಟ್ಟಿ ಒಂದು ಇರ್ಲಿಲ್ಲ."

"ಲೇಪ ಹಾಕೋದು ಕಷ್ಟವಲ್ಲ, ಒಣಗಿದ ಹಲ್ಲು ಸಿಗೋದು ಕಷ್ಟ," ಎನ್ನುತ್ತಾರೆ ಡಾಕ್ಟರ್ ಸಮತಾ. "ದವಡೆಹಲ್ಲಿನ ಮೇಲೆ ಸಣ್ಣ ಕೊರಕಲು ಇರುತ್ತವೆ. ಕೆಲವು ಎಷ್ಟು ಇಕ್ಕಟ್ಟು ಅಂದ್ರೆ ಬ್ರಶ್ಶಿನ ಎಳೆ ಕೂಡ ಇಳಿಯಲ್ಲ. ಊಟ ಇಳಿಯುತ್ತೆ, ಹುಳುಕು ಅಲ್ಲೇ ಶುರು. ಆ ಕೊರಕಲು ಮುಚ್ಚಿದ್ರೆ ಅರ್ಧ ಯುದ್ಧ ಗೆದ್ದ ಹಾಗೆ. ಹಾಗಂತ ಬ್ರಶ್ ಬಿಡೋ ಹಾಗಿಲ್ಲ. ಹಲ್ಲು ಹಲ್ಲಿನ ಸಂದಿಗೆ ಇದು ಕಾವಲಲ್ಲ."

ಹಲ್ಲಿದ್ದವರಿಗೆ ಕಡಲೆ ಇಲ್ಲವೆಂಬ ಗಾದೆ ಹಳೆಯದಾಯಿತು. ಈಗಿನ ಮಕ್ಕಳಿಗೆ ಹಲ್ಲೂ ಇದೆ, ಕಡಲೆಮಿಠಾಯಿಯೂ ಇದೆ. ಹಲ್ಲಿನ ಕೊರಕಲಲ್ಲಿ ಕಡಲೆಮಿಠಾಯಿಯೂ ಇದೆ.

ಹೋದ ವರ್ಷ ಇದೇ ಶಾಲೆಯಲ್ಲಿ ರೂಹಿಯ ಸರದಿ ಬಂದಾಗ ಜಮ್ಶೀದ್ ಗ್ಯಾರೇಜಿನಿಂದ ಗ್ರೀಸಿನ ಕೈಯಲ್ಲೇ ಬಂದು ನಿಂತಿದ್ದರು. ಮಗಳಿಗೆ ನೋವಿಲ್ಲ, ಹುಳುಕಿಲ್ಲ. ಮತ್ತೇಕೆ ಕೈ ಹಾಕಬೇಕು?

"ಓಡೋ ಇಂಜಿನ್ ಬಿಚ್ಚಬಾರ್ದು ಆಪಾ."

"ಬಿಚ್ಚಲ್ಲ ಜಮ್ಶೀದ್ ಭಾಯ್. ಪ್ಯಾಚ್ ಥರ ಅಷ್ಟೆ. ಮೇಲಿಂದ."

"ಪಂಕ್ಚರೇ ಆಗದ ಟ್ಯೂಬಿಗೆ ಪ್ಯಾಚಾ? ನಿಮ್ಮ ಅಬ್ಬಾ ಹಾಕ್ತಿದ್ರಾ?"

ಅಬ್ಬಾ ಹಾಕುತ್ತಿರಲಿಲ್ಲ.

"ಅದೂ ಅಲ್ದೆ ಹಾಲುಹಲ್ಲು ಅದು. ಇವತ್ತಲ್ಲ ನಾಳೆ ಬಿದ್ದೋಗುತ್ತೆ," ಎಂದರು ಜಮ್ಶೀದ್. "ಇವಳ ಅಣ್ಣ ರಾಹಿಲ್‌ಗೆ ಅದೇ ಹಲ್ಲು ಹುಳುಕಾಗಿತ್ತು. ಕೀಳಿಸಿದ್ವಿ. ಎರಡು ವರ್ಷ ಆಯ್ತು ನೋಡಿ, ಹೊಸದು ಇನ್ನೂ ಬಂದಿಲ್ಲ. ನಿಧಾನ ಅವನದು, ಎಲ್ಲದ್ರಲ್ಲೂ."

ವಜೀರಾ ಅವರೇ ಹೇಳಬೇಕಾಯಿತು.

"ಅದು ಬರಲ್ಲ ಭಾಯ್. ಅದು ಹಾಲುಹಲ್ಲಲ್ಲ. ಕಾಯಂ ಹಲ್ಲು."

ಇದು ಈ ಕಡೆಯ ಮನೆಮನೆಯಲ್ಲೂ ಆಗುವ ತಪ್ಪು. ಆರನೇ ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಮೊದಲ ಕಾಯಂ ದವಡೆಹಲ್ಲು ಮೂಡುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ. ಮುಂದಿನ ಹಲ್ಲು ಬಿದ್ದರೆ ಮನೆಯೆಲ್ಲ ಗುಲ್ಲು, ಸೂರಿನ ಮೇಲೆಸೆಯುವ ಸಂಭ್ರಮ. ಇದು ಹಿತ್ತಿಲ ಬಾಗಿಲಿನಿಂದ ಬಂದು ಸುಮ್ಮನೆ ಕೂತ ನೆಂಟ. ಎಲೆಮರೆಯ ಕಾಯಿಯಂತೆ ಕೆನ್ನೆಮರೆಯ ಹಲ್ಲು. ಬಂದದ್ದು ಯಾರಿಗೂ ಗೊತ್ತಿರುವುದಿಲ್ಲ, ಹಾಳಾದ ಮೇಲೆ ಹಾಲುಹಲ್ಲೆಂದು ಕೀಳಿಸಿ, ಹೊಸದಕ್ಕೆ ಕಾಯುತ್ತಾರೆ.

ಜಮ್ಶೀದ್ ಎರಡು ವರ್ಷ ಕಾದಿದ್ದರು. ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಒರೆಸಿಕೊಂಡು, ಕೊನೆಗೆ ಮಗಳ ಬಾಯೊಳಗೆ ತಾವೇ ಟಾರ್ಚ್ ಬಿಟ್ಟು ನೋಡಿದರು. "ಇಷ್ಟು ಆಳ ಇದ್ಯಾ ಗೆರೆ?" ಎಂದರು. ಆಮೇಲೆ ಯಾರಿಗೂ ಅಲ್ಲವೆಂಬಂತೆ, "ಹೊಸ ಗಾಡಿ ತಳಕ್ಕೆ ಕೋಟಿಂಗ್ ಹೊಡೀತೀವಲ್ಲ... ತುಕ್ಕು ಹಿಡಿಯೋಕೆ ಮುಂಚೇನೇ ಹೊಡೀಬೇಕು. ಹಿಡಿದ್ಮೇಲೆ ಹೊಡ್ದು ಏನುಪಯೋಗ." ವಜೀರಾ ಅವರಿಗೆ ಸಿಗದ ಮಾತು ಮೆಕ್ಯಾನಿಕ್‌ಗೆ ಸಿಕ್ಕಿತ್ತು.

ರೂಹಿ ಒಪ್ಪಬೇಕಿತ್ತು. "ನಕ್ಕೋ, ಬೇಡ!" ಎಂದು ತುಟಿ ಹೊಲಿದುಕೊಂಡು ಕೂತಿದ್ದಳು. ವಜೀರಾ ಅವರು ಏನೂ ಕೇಳದೆ ಯಂತ್ರಗಳನ್ನು ಒಂದೊಂದಾಗಿ ತಮ್ಮ ಬಾಯಲ್ಲೇ ಓಡಿಸತೊಡಗಿದರು. ಜೊಲ್ಲು ಎಳೆಯುವ ಪೈಪು ‘ಸುರ್ರ್‌ರ್’, ಗಾಳಿ ‘ಫುಸ್ಸ್’, ಕಂಪ್ರೆಸರ್ ‘ಡುಗುಡುಗುಡುಗು... ಠಸ್’. ನಡುವೆ ಡಾಕ್ಟರ್ ಸಮತಾ ಅವರ ದನಿಯಲ್ಲೇ, "ಸ್ವಲ್ಪ ಅಗಲ, ಇನ್ನೂ ಸ್ವಲ್ಪ, ಶಭಾಷ್." ಡಾಕ್ಟರೇ ತಿರುಗಿ ನೋಡಿದರು. ನಿಜವಾದ ಯಂತ್ರ ಶುರುವಾದಾಗ ರೂಹಿಗೆ ಅದು ವಜೀರಾ ಅವರ ಅನುಕರಣೆಯೆನ್ನಿಸಿತು. "ಮಿಷನ್ನು ಸರಿಯಾಗಿ ಮಾಡಲ್ಲ," ಎಂದು ತೀರ್ಪಿತ್ತು ಬಾಯಿ ತೆರೆದಳು.

ಮೂರು ಹಲ್ಲು ಮುಗಿದವು. ನಾಲ್ಕನೆಯದು ಕೆಳಗಿನ ಎಡಗಡೆಯದು. ತೊಳೆದು ಒಣಗಿಸಿ ಬೆಳ್ಳಗಾಗಿತ್ತು. ಡಾಕ್ಟರು ಲೇಪಕ್ಕೆ ಕೈಚಾಚಿದ ಕ್ಷಣದಲ್ಲಿ ನಾಲಿಗೆಯ ತುದಿ ಜೊಲ್ಲಿಗೆ ಅಡ್ಡವಿಟ್ಟ ಹತ್ತಿಯ ಉಂಡೆಗೆ ಚಕ್ಕರ್ ಹೊಡೆದು, ಹಲ್ಲನ್ನು ಮುಟ್ಟಿ, ಹಿಂದೆ ಸರಿಯಿತು. ಕಂಡದ್ದು ವಜೀರಾ ಅವರಿಗೆ ಮಾತ್ರ. ಊಟದ ಗಂಟೆ ಹೊಡೆದಿತ್ತು. ಹೊರಗೆ ಸಾಲು ಕಿರುಚುತ್ತಿತ್ತು. ಬಾಗಿಲಲ್ಲಿ ಜಮ್ಶೀದ್ ನಿಂತಿದ್ದರು.

"ಮೇಡಂ, ನಾಲಿಗೆ ತಾಗ್ತು."

"ಒಣಗೇ ಇದ್ಯಲ್ಲ ವಜೀರಕ್ಕ?"

"ತಾಗ್ತು ಮೇಡಂ. ನೋಡ್ದೆ."

ಡಾಕ್ಟರ್ ಸಮತಾ ಮತ್ತೆ ಜೆಲ್ ಹಚ್ಚಿದರು. ಮತ್ತೆ ತೊಳೆದು, ಮತ್ತೆ ಒಣಗಿಸಿ, ಈ ಸಲ ಲೇಪ ಹಾಕಿದರು. ಜಮ್ಶೀದ್‌ಗೆ ಅನುಮಾನ ಹುಟ್ಟಿತು. "ಒಂದೇ ಕೆಲ್ಸ ಎರಡು ಸಲ ಮಾಡೋ ಮೆಕ್ಯಾನಿಕ್‌ನ ನಾನು ನಂಬಲ್ಲ ಆಪಾ," ಎಂದರು. "ಮುಂದಿನ ವರ್ಷ ಇದು ನಿಂತಿರ್ಲಿ. ನಮ್ಮ ಗ್ಯಾರೇಜ್ ಸಾಲಿನ ಮಕ್ಕಳನ್ನೆಲ್ಲ ನಾನೇ ಕರ್ಕೊಂಡ್ ಬರ್ತೀನಿ. ಎದ್ದೋಗಿತ್ತೋ, ಒಬ್ಬರನ್ನೂ ಕಳಿಸಲ್ಲ."

ಈಗ ಆ ಮುಂದಿನ ವರ್ಷ ಬಂದಿದೆ. ವ್ಯಾನು ಶಾಲೆಯ ಅಂಗಳಕ್ಕೆ ತಿರುಗುವಾಗ ಕಾಂಪೌಂಡಿನ ಆಚೆ ಗ್ಯಾರೇಜ್ ಸಾಲಿನ ನಾಲ್ಕಾರು ತಾಯಂದಿರು ಮಕ್ಕಳ ಕೈ ಹಿಡಿದು ನಿಂತಿದ್ದಾರೆ. ಗೇಟಿನ ಒಳಗೆ ಬರುತ್ತಿಲ್ಲ. ಜಮ್ಶೀದ್ ಮಗಳನ್ನು ಮಾತ್ರ ಕರೆದುಕೊಂಡು ವ್ಯಾನ್ ಹತ್ತುತ್ತಾರೆ. ಟಾರ್ಚು ಜೇಬಿನಲ್ಲೇ ಇದೆ.

ಡಾಕ್ಟರ್ ಸಮತಾ ಕನ್ನಡಿ ಹಿಡಿದು ನೋಡುತ್ತಾರೆ. ಕೆಳಗಿನ ಬಲ, ಸರಿ. ಮೇಲಿನ ಬಲ, ಸರಿ. ಮೇಲಿನ ಎಡಕ್ಕೆ ಬಂದಾಗ ಕನ್ನಡಿ ನಿಲ್ಲುತ್ತದೆ. ಒಂದು ಮೂಲೆಯಲ್ಲಿ ಲೇಪ ಚೂರು ಎದ್ದುಹೋಗಿದೆ. ಡಾಕ್ಟರು ವಜೀರಾ ಅವರ ಮುಖ ನೋಡುತ್ತಾರೆ. ವಜೀರಾ ಅವರು ದೀಪವನ್ನು ಜಮ್ಶೀದ್ ಕಡೆಗೆ ತಿರುಗಿಸುತ್ತಾರೆ.

"ಇಲ್ಲಿ ಎದ್ದಿದೆ ಭಾಯ್. ನೋಡಿ."

ಜಮ್ಶೀದ್ ಬಗ್ಗುತ್ತಾರೆ. ಟಾರ್ಚು ಹಚ್ಚುತ್ತಾರೆ. "ಒಳಗೆ ತುಕ್ಕು?"

"ಇಲ್ಲ. ಹಲ್ಲು ಚೆನ್ನಾಗಿದೆ," ಎನ್ನುತ್ತಾರೆ ಡಾಕ್ಟರು. "ಎದ್ದ ಕಡೆ ಇವತ್ತೇ ಮತ್ತೆ ಹಾಕ್ತೀವಿ. ವರ್ಷಾವರ್ಷ ನೋಡ್ಬೇಕು ಅನ್ನೋದು ಇದಕ್ಕೇ."

"ಅವತ್ತು ಎರಡು ಸಲ ಮಾಡಿದ್ದು ಯಾವ್ದು ಆಪಾ?"

ವಜೀರಾ ಅವರು ಕೆಳಗಿನ ಎಡಗಡೆ ಬೆರಳು ತೋರುತ್ತಾರೆ. ಡಾಕ್ಟರು ಸಪೂರ ಕಡ್ಡಿಯ ಮೊನೆಯನ್ನು ಗೆರೆಯುದ್ದಕ್ಕೂ ಎಳೆದು ನೋಡುತ್ತಾರೆ. ಎಲ್ಲೂ ಸಿಕ್ಕುವುದಿಲ್ಲ. ಹಾಕಿದ ದಿನ ಇದ್ದಂತೆಯೇ ಇದೆ.

ಜಮ್ಶೀದ್ ಟಾರ್ಚು ಆರಿಸಿ ಇಳಿದುಹೋಗುತ್ತಾರೆ. ವಜೀರಾ ಅವರು ಹತ್ತಿಯ ಉಂಡೆಗಳನ್ನು ಜೋಡಿಸುವಂತೆ ನಟಿಸುತ್ತಾರೆ. ನಟನೆಯಲ್ಲಿ ಪಳಗಿದವರು, ಆದರೂ ಒಂದು ಉಂಡೆ ಕೆಳಗೆ ಬೀಳುತ್ತದೆ. ಗೇಟಿನ ಕಡೆಯಿಂದ ದೊಡ್ಡ ದನಿ ಕೇಳಿಸುತ್ತದೆ.

"ಒಳಗ್ ಬನ್ರಮ್ಮಾ! ಒಂದು ಕಡೆ ಎದ್ದಿದೆ, ಅವರೇ ತೋರಿಸಿದ್ರು. ಒಳಗೆ ತುಕ್ಕಿಲ್ಲ. ಸರ್ವೀಸಿಂಗ್ ಇರೋ ಕೆಲ್ಸ ಇದು, ಬನ್ನಿ!"

ವ್ಯಾನಿನ ಮುಂದೆ ಸಾಲು ಕಟ್ಟಿಕೊಳ್ಳುತ್ತದೆ. ಸಾಲಿನ ತಲೆಗೆ ಜಮ್ಶೀದ್ ನಿಲ್ಲಿಸಿರುವುದು ಏಳನೇ ತರಗತಿಯ ರಾಹಿಲ್‌ನನ್ನು.

"ಇವನಿಗೆ ಹಿಂದೆ ಹೊಸದೊಂದು ಬಂದಿದೆ," ಎನ್ನುತ್ತಾರೆ. "ಕೀಳಿಸಿದ್ದು ಅಲ್ಲ, ಅದರ ಹಿಂದಿಂದು. ಹಾಲುಹಲ್ಲಲ್ಲ ಅಂತ ಗೊತ್ತು ನಂಗೆ."

ರೂಹಿ ಕುರ್ಚಿಯಿಂದ ಇಳಿಯುವಾಗ ವಜೀರಾ ಅವರು ಕೇಳುತ್ತಾರೆ, "ಹೋದ್ ವರ್ಷ ನಾನು ಬಂದಿದ್ದು ನೆನಪಿದ್ಯಾ ನಿಂಗೆ?"

ರೂಹಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಲೆಯಾಡಿಸುತ್ತಾಳೆ. ಇಲ್ಲ. ಕುಣಿಯುತ್ತ ಮೆಟ್ಟಿಲಿಳಿದು, ತನಗೇ ಗೊತ್ತಿಲ್ಲದೆ ಬಾಯಲ್ಲಿ ‘ಸುರ್ರ್‌ರ್’ ಎನ್ನುತ್ತ ಓಡುತ್ತಾಳೆ.

ನಿಮಗೇನು ಆಸೆಯೆಂದು ಕೇಳಿದರೆ ವಜೀರಾ ಅವರು ಆ ಓಟದ ಕಡೆಗೇ ಕೈ ತೋರಿಸುತ್ತಾರೆ. "ಹೀಗೇ ಮರ್ತ್‌ಬಿಡ್ಲಿ. ಹಲ್ಲಿನೋರು ನೆನಪಲ್ಲಿ ಉಳಿದ್ರೆ ನೋವಾಗಿದೆ ಅಂತ ಅರ್ಥ." ಹೊಸ ಹತ್ತಿಯ ಉಂಡೆ ತೆಗೆದುಕೊಂಡು ಕುರ್ಚಿಯತ್ತ ತಿರುಗುತ್ತಾರೆ.

"ಬಾರೋ ರಾಹಿಲ್. ನಾಲಿಗೆ ಎಲ್ಲಿಡ್ಬೇಕು ಅಂತ ಮೊದ್ಲು ಹೇಳ್ಕೊಡ್ತೀನಿ."