ನಕ್ಷೆಯಲ್ಲಿಲ್ಲದ ಉಣಗೋಲು

ಕೊಪ್ಪದಲ್ಲಿ ಹೊಸ ಬಡಾವಣೆಗಳ ನಕ್ಷೆ ಪರಿಶೀಲಿಸುವ ಅಧಿಕಾರಿಯೊಬ್ಬರಿದ್ದರು. ಯಾರು ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ಆಮೇಲೆ ಒಂದೇ ಮಾತು: "ನಕ್ಷೆಯಲ್ಲಿ ಇಲ್ಲ ಮಾರಾಯ."

ನಮ್ಮ ಮನೆಯ ಕೆಳಗಿನ ಗದ್ದೆ ಸೈಟುಗಳಾಗುವ ಹೊತ್ತಿಗೆ ಆ ಮಾತು ನನಗೂ ಸಿಕ್ಕಿತು. ನಾವು ರಸ್ತೆಗಿಳಿಯುತ್ತಿದ್ದ ಕಾಲುದಾರಿಯನ್ನು ತೋರಿಸದೆಯೇ ನಕ್ಷೆ ಬರೆದಿದ್ದರು. ಅದಿಲ್ಲದಿದ್ದರೆ ಗುಡ್ಡ ಸುತ್ತಿ ಬರಬೇಕು. ತಕರಾರು ಅರ್ಜಿ ಕೊಟ್ಟೆ.

ಅವರು ಸ್ಥಳ ನೋಡಲು ಬಂದರು, ಅದೇ ದಾರಿಯಲ್ಲಿ, ಪ್ಯಾಂಟು ಮಡಚಿಕೊಂಡು. ನಮ್ಮ ಅಂಗಳದಲ್ಲಿ ನಿಂತು ನಕ್ಷೆ ಬಿಡಿಸಿದರು.

"ಇಲ್ಲಿ ದಾರಿಯೇ ಇಲ್ಲ ಮಾರಾಯ. ನಕ್ಷೆಯಲ್ಲಿ ಇಲ್ಲ."

"ಮತ್ತೆ ನೀವು ಎಲ್ಲಿಂದ ಬಂದ್ರಿ ಸಾರ್?"

"ನಾನು ಬಂದದ್ದು ಬೇರೆ, ದಾಖಲೆ ಬೇರೆ."

ನನ್ನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು ಹೊರಟರು. ದಾರಿಗೆ ಅಡ್ಡವಾಗಿ ನಮ್ಮ ಉಣಗೋಲು ಇತ್ತು, ಬಿದಿರಿನ ಮೂರು ಗಳ. ದಾಟಿದ ಮೇಲೆ ಅವರು ತಿರುಗಿ ನಿಂತು ಮೂರನ್ನೂ ಒಂದೊಂದಾಗಿ ಎರಡು ಬದಿಯ ಕಂಬಗಳ ತೂತಿಗೆ ತೂರಿಸಿದರು. ಎಷ್ಟಾದರೂ ನಮ್ಮ ಕಡೆಯವರೇ, ಉಣಗೋಲು ತೆರೆದಿಟ್ಟು ಹೋಗುವವರಲ್ಲ.

"ಇಲ್ಲದ ದಾರಿಗೆ ಉಣಗೋಲು ಎಂತಕ್ಕೆ ಸಾರ್?" ಎಂದು ಕೂಗಿದೆ.

"ದನ ನುಗ್ತವಲ್ಲ ಮಾರಾಯ! ಅವಕ್ಕೆ ನಕ್ಷೆ ಗೊತ್ತಾಗ್ತದಾ?"

ಬಡಾವಣೆ ಮಂಜೂರಾಯಿತು. ದಾರಿಯ ಮೇಲೆ ಈಗ ಒಂಬತ್ತನೇ ಸೈಟಿನ ಕಾಂಪೌಂಡ್ ನಿಂತಿದೆ. ಕಟ್ಟಿದವನು ನಾನೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಕರಣೆ ಹಿಡಿದವನು, ನಾನು ಕಟ್ಟಿದ ಗೋಡೆಗೆ ಇವತ್ತಿನವರೆಗೆ ಯಾರೂ ಸೊಟ್ಟ ಅಂದಿಲ್ಲ. ಇದೂ ನಕ್ಷೆಗಿಂತ ಒಂದಂಗುಲ ಆಚೀಚೆ ಆಗಲಿಲ್ಲ. ಕೆಲಸ ಮುಗಿದ ಸಂಜೆ ತೂಗುಗುಂಡು ಹಿಡಿದು ಇನ್ನೊಮ್ಮೆ ನೋಡಿ, ಗುಡ್ಡ ಸುತ್ತಿ ಮನೆಗೆ ಬಂದೆ.